ಗೋಡೆಯ ಬಿಳಿ ಪೆಟ್ಟಿಗೆ

ಖಲೀಫಾ ಸಿಟಿ, ಅಬುಧಾಬಿ
6 ಜುಲೈ 2012, ಶುಕ್ರವಾರ

ಮಾನ್ಯ ಲಿಯೊನೆಲ್ ಲೋಬೊ ಅವರಿಗೆ,

ನೀವು ನನ್ನನ್ನು ಬಲ್ಲವರಲ್ಲ. ನಾನು ನಿಮ್ಮ ಹೆಸರನ್ನು ಮೊದಲು ಓದಿದ್ದು ಒಂದು ಫ್ರಿಜ್ಜಿನ ಬೆನ್ನಿನಲ್ಲಿ. ‘ಲಿಯೊನೆಲ್ ಲೋಬೊ, ಗ್ಯಾಸ್ ಕೆಲಸ, ಕರಾಮ’ ಎಂದು ಕಪ್ಪು ಪೆನ್ನಿನಲ್ಲಿ ಕನ್ನಡದಲ್ಲೇ ಬರೆದಿತ್ತು. ನಾವೀಗ ವಾಸವಿರುವ ಅಮೆರಿಕದ ಗಾಡಿಯ ಹೊಟ್ಟೆಯಲ್ಲಿ ಕನ್ನಡ ಕಂಡು ಅಳು ಬಂತು, ನಿಜ ಹೇಳುತ್ತೇನೆ. ಮೀನಿನ ವ್ಯಾನಿನ ಸ್ಟೀಫನ್ ವಾರಕ್ಕೆ ಮೂರು ಸಲ ಇಲ್ಲಿನ ಅಲ್ ಮೀನಾ ಬಂದರಿನಿಂದ ದುಬೈಯ ಕರಾಮಕ್ಕೆ ಮೀನು ಸಾಗಿಸುತ್ತಾರಲ್ಲ, ಅವರನ್ನು ಕೇಳಿದೆ. “ಲೋಬೊ ಪೊರ್ಬುಗಳು ಇದ್ದಾರೆ, ಮಗನ ಮನೆಯಲ್ಲಿ. ಆದರೆ ಕಿವಿ ಪೂರ್ತಿ ಹೋಗಿದೆ, ಫೋನ್ ಮಾಡಿ ಉಪಯೋಗ ಇಲ್ಲ, ಬರೆದು ಕೊಡಿ” ಎಂದರು. ಹಾಗಾಗಿ ಈ ಕಾಗದ.

ನನ್ನ ಹೆಸರು ಶರ್ಮಿಳಾ, ಹಿರಿಯಡ್ಕದವಳು. ಇಲ್ಲಿನ ಒಂದು ಶಾಲೆಯಲ್ಲಿ ಆಯಾ. ಗಂಡ ರಿತೇಶ್ ಒಬ್ಬ ಅರಬ್ ಯಜಮಾನರ ಮಕ್ಕಳ ಕಾರಿನ ಡ್ರೈವರ್. ನಾವಿದ್ದ ವಿಲ್ಲಾದ ಪಾರ್ಟಿಷನ್ ಕೋಣೆಗಳನ್ನೆಲ್ಲ ಮೇ ತಿಂಗಳಲ್ಲಿ ಮುನಿಸಿಪಾಲಿಟಿಯವರು ಖಾಲಿ ಮಾಡಿಸಿದರು. ರಿತೇಶರ ಅರ್ಬಾಬರಿಗೆ ಕನಿಕರ ಬಂದು, ತಮ್ಮ ಹಿತ್ತಲಲ್ಲಿ ವರ್ಷಗಟ್ಟಲೆ ನಿಂತಿದ್ದ ಹಳೆಯ ಮೋಟರ್ ಹೋಮಿನಲ್ಲಿ ಇರಲು ಬಿಟ್ಟಿದ್ದಾರೆ. ಒಂದೇ ಷರತ್ತು: ಒಳಗೆ ಮನುಷ್ಯರಿದ್ದಾರೆಂದು ಹೊರಗಿನವರಿಗೆ ಕಾಣಬಾರದು. ಒಂದು ಕರೆಂಟು ಲೈನು ಎಳೆದು ಕೊಟ್ಟಿದ್ದಾರೆ, ಅದು ಎಸಿಗೇ ಸಾಲದು. ಆದ್ದರಿಂದ ಒಲೆ, ಫ್ರಿಜ್ಜು ಎರಡೂ ಗ್ಯಾಸಿನಲ್ಲಿ. ಬೆಂಕಿ ಹಚ್ಚಿ ತಣ್ಣಗೆ ಮಾಡುವ ಫ್ರಿಜ್ಜನ್ನು ನಾನು ನೋಡಿದ್ದು ಇದೇ ಮೊದಲು.

ಆ ಫ್ರಿಜ್ಜು ಈಗ ತಣ್ಣಗಾಗುತ್ತಿಲ್ಲ. ಹಾಲು ಒಡೆದರೆ ಚಿಂತೆಯಿಲ್ಲ. ಅದರೊಳಗೆ ರಿತೇಶರ ಮೂರು ತಿಂಗಳ ಇನ್ಸುಲಿನ್ ಇದೆ. ಅವರು ಇನ್ಸುಲಿನ್ ಚುಚ್ಚಿಕೊಳ್ಳುವುದು ಅರ್ಬಾಬರಿಗೆ ಗೊತ್ತಿಲ್ಲ. ಗೊತ್ತಾದರೆ ಮಕ್ಕಳ ಕಾರು ಅವರ ಕೈಗೆ ಯಾರು ಕೊಡುತ್ತಾರೆ? ಹಾಗಾಗಿ ಬೇರೆಯವರ ಫ್ರಿಜ್ಜಿನಲ್ಲಿ ಇಡುವ ಹಾಗಿಲ್ಲ, ಮೆಕ್ಯಾನಿಕ್ಕನ್ನು ಕರೆಸುವ ಹಾಗಿಲ್ಲ. ಮದುವೆಯಾಗಿ ಏಳು ವರ್ಷ. ಒಟ್ಟಿಗೆ ಬಾಳಿದ್ದು ಎರಡೇ. ಈ ಗಾಡಿಯೂ ಕೈಕೊಟ್ಟರೆ ನಾನು ಊರಿಗೆ ಹೋಗಬೇಕು. ನನಗೆ ಮೂವತ್ತಾರು, ಮಕ್ಕಳಿಲ್ಲ. ಹೋದರೆ ಇನ್ನು ಆಗುವುದೂ ಇಲ್ಲ.

ದಮ್ಮಯ್ಯ, ಏನು ಮಾಡಬೇಕೆಂದು ತಿಳಿಸಿ. ಇನ್ನೊಂದು ಪ್ರಶ್ನೆ: ನಾವು ಮಲಗುವಲ್ಲಿ ಗೋಡೆಗೆ ಒಂದು ಬಿಳಿ ಪೆಟ್ಟಿಗೆ ಇದೆ, ಸಾಬೂನು ಡಬ್ಬಿಯಷ್ಟು. ಅದಕ್ಕೂ ಗ್ಯಾಸಿಗೂ ಸಂಬಂಧ ಉಂಟೇ?

ಶರ್ಮಿಳಾ

*

ಕರಾಮ, ದುಬೈ
10 ಜುಲೈ 2012

ಶರ್ಮಿಳಾ ಅವರಿಗೆ,

ಕಾಗದಕ್ಕೆ ಬಂಗುಡೆಯ ವಾಸನೆ ಇತ್ತು. ಸೊಸೆ ಡೆಬೊರಾ ಮೂಗು ಮುಚ್ಚಿಕೊಂಡು ತಂದುಕೊಟ್ಟಳು. ಆಕೆಗೆ ಈಗ ಏಳು ತಿಂಗಳು, ಎಲ್ಲ ವಾಸನೆಯೂ ಹೆಚ್ಚು. ನಾಲ್ಕು ವರ್ಷದಿಂದ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಮಗ ಡ್ಯಾನಿಯಲ್ ಒಳ್ಳೆಯವನೇ. ಆದರೆ ಅವನ ಮನೆಯಲ್ಲಿ ನಾನು ಟಿವಿಯ ಪಕ್ಕದ ಇನ್ನೊಂದು ಸಾಮಾನು.

ಆ ಗಾಡಿ ನನಗೆ ಗೊತ್ತು. 93ರ ಮಾಡೆಲ್. ಒಬ್ಬ ಇಂಗ್ಲಿಷ್ ಸಾಯೇಬರದು, ಮರಳುಗಾಡಿಗೆ ಕ್ಯಾಂಪಿಗೆ ಒಯ್ಯುತ್ತಿದ್ದರು. ಅದರ ಗ್ಯಾಸಿನ ಕೆಲಸವೆಲ್ಲ ನನ್ನ ಕೈಯದು. ಹೇಳಿದ ಹಾಗೆ ಮಾಡಿ.

ಮೊದಲು ಗಾಡಿ ಸಮತಟ್ಟಾಗಿ ನಿಂತಿದೆಯೇ ನೋಡಿ. ಫ್ರಿಜ್ಜಿನೊಳಗೆ ತಟ್ಟೆಯಲ್ಲಿ ನೀರಿಟ್ಟರೆ ಗೊತ್ತಾಗುತ್ತದೆ. ವಾಲಿದ್ದರೆ ಈ ಜಾತಿಯ ಫ್ರಿಜ್ಜು ಕೆಲಸ ಮಾಡುವುದೇ ಇಲ್ಲ; ಚಕ್ರದ ಕೆಳಗೆ ಹಲಗೆ ಕೊಡಿ. ಆಮೇಲೆ ಗ್ಯಾಸ್ ಬಂದ್ ಮಾಡಿ, ತಣ್ಣಗಾದ ಮೇಲೆ, ಹೊರಗಿನ ಜಾಲರಿ ತೆಗೆದು ಬರ್ನರನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ. ಉರಿ ನೀಲಿಯಾಗಿರಬೇಕು. ಫ್ರಿಜ್ಜಿನ ಕೆಳಗೆ ಒಳಗಿನಿಂದ ಕಣ್ಣಿಟ್ಟು ನೋಡುವ ಸಣ್ಣ ಕಂಡಿ ಇದೆ. ಹೊರಗಿನ ಜಾಲರಿಗಳು, ಕೆಳಗಿನದೂ ಚಾವಣಿಯದೂ, ಪೂರ್ತಿ ತೆರೆದಿರಬೇಕು. ಇದು ಮುಖ್ಯ.

ಬಿಳಿ ಪೆಟ್ಟಿಗೆ ಹಳೆಯ ಕಾಲದ ಅಲಾರಂ. ಅದರ ಚಿಂತೆ ನಿಮಗೆ ಬೇಡ.

ಲಿಯೊನೆಲ್

*

ಖಲೀಫಾ ಸಿಟಿ
16 ಜುಲೈ 2012

ಪೊರ್ಬುಗಳೇ,

ನಮ್ಮೂರಲ್ಲಿ ನಿಮ್ಮ ಕೊಂಕಣಿ ಕ್ರೈಸ್ತರನ್ನು ಹೀಗೇ ಕರೆದು ಅಭ್ಯಾಸ, ಬೇಸರ ಇಲ್ಲವಲ್ಲ? ತಟ್ಟೆಯ ನೀರು ಒಂದು ಬದಿಗೆ ಓಡಿತು. ರಿತೇಶ್ ಹಲಗೆ ಕೊಟ್ಟರು. “ಎಂತ ಮಾರಾಯ್ತಿ, ಈಗ ನಮಗೆ ಗಾಡಿಗೂ ಮಣೆ ಹಾಕಬೇಕಾ?” ಎಂದು ಗೊಣಗಿದರು. ಬರ್ನರಿನಿಂದ ಒಂದು ಹಿಡಿ ಮಸಿ, ಸತ್ತ ಜೇಡ, ಮರಳು ಎಲ್ಲ ಬಂತು. ಹಚ್ಚಿದಾಗ ಉರಿ ನೀಲಿ ಇತ್ತು, ಹಬ್ಬವೇ ಆಯಿತು. ಮಾರನೆಯ ದಿನ ಕಂಡಿಯಲ್ಲಿ ನೋಡಿದರೆ ಪುನಃ ಹಳದಿ. ಸ್ವಲ್ಪ ತಣ್ಣಗಾಗುತ್ತದೆ, ಸಾಲದು. ಜಾಲರಿಗಳೆಲ್ಲ ತೆರೆದೇ ಇವೆ.

ಶಾಲೆಗೆ ಬೇಸಿಗೆ ರಜೆ. ಇಡೀ ದಿನ ಒಳಗೇ ಇದ್ದೇನೆ. ಹೊರಗೆ ಕಾಲಿಟ್ಟರೆ ಬೆಂಕಿ, ಅಲ್ಲದೆ ಯಾರಾದರೂ ನೋಡಿಯಾರೆಂಬ ಹೆದರಿಕೆ. ತಲೆ ಸಿಡಿಯುತ್ತದೆ. ಸೆಕೆಯದ್ದೇ ಇರಬೇಕು. ರಿತೇಶರ ಶುಗರ್ ಮುನ್ನೂರು ದಾಟಿದೆ. ಒಂದು ಇನ್ಸುಲಿನ್ ಪೆನ್ನಿನ ಔಷಧಿ ಕೆಟ್ಟಿತೋ ಏನೋ. ಅವರಿಗೆ ಹೇಳಿದರೆ ಸಿಟ್ಟು. “ನಿನಗೆ ಹೆದರಿಕೆಯಾದರೆ ಊರಿಗೆ ಹೋಗು” ಎಂದರು. ಅದನ್ನು ಹೇಳಬಾರದಿತ್ತು.

ನಾಳೆಯಿಂದ ಆಟಿ ತಿಂಗಳು. ನಮ್ಮಲ್ಲಿ ಆಟಿಯಲ್ಲಿ ಶುಭದ ಮಾತೇ ಎತ್ತುವುದಿಲ್ಲ. ಅಶುಭಕ್ಕೂ ಅದೇ ನಿಯಮ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಶರ್ಮಿಳಾ

*

ಕರಾಮ
20 ಜುಲೈ 2012

ಮಗಳೇ,

ಹಳದಿ ಉರಿ ಅಂದರೆ ಬೆಂಕಿಗೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಜೆಟ್ ಕೆಟ್ಟಿದೆ. ಜೆಟ್ ಅಂದರೆ ಗ್ಯಾಸ್ ಹೊರಬರುವ ಹಿತ್ತಾಳೆಯ ಸಣ್ಣ ಮೂತಿ. ಜಾಲರಿ ತೆರೆದಿದೆ ಅನ್ನುತ್ತೀ, ಹಾಗಾದರೆ ಜೆಟ್ಟೇ. ನನ್ನ ಹಳೆಯ ಡಬ್ಬಿ ಕೆದಕಿ ಒಂದು ಹುಡುಕಿದ್ದೇನೆ, ಸ್ಟೀಫನ್ ಕೈಯಲ್ಲಿ ಕಳಿಸುತ್ತಿದ್ದೇನೆ. ಹಾಕಿ ಆದ ಮೇಲೆ ಸಾಬೂನು ನೀರು ಹಚ್ಚಿ ನೋಡಬೇಕು, ಗುಳ್ಳೆ ಎದ್ದರೆ ಸೋರುತ್ತಿದೆ ಎಂದು. ಉರಿ ಹಳದಿ ಇರುವಷ್ಟು ದಿನ ಒಂದು ಕಿಟಕಿ ತೆರೆದಿಡು. ಎಸಿ ಹಾಳಾದರೆ ಆಗಲಿ.

ತಲೆನೋವಿಗೆ ನೀರು ಕುಡಿ. ಡೆಬೊರಾಳಿಗೂ ಮೊದಲ ಮೂರು ತಿಂಗಳು ಹೀಗೇ: ಬೆಳಿಗ್ಗೆ ಎದ್ದರೆ ತಲೆನೋವು, ತಲೆಸುತ್ತು, ವಾಕರಿಕೆ. ಏನು ತಿಂದರೂ ಹೊರಗೆ. ಈಗ ನೋಡಿದರೆ ನನ್ನ ಪಾಲಿನ ಮೀನನ್ನೂ ಅವಳೇ ತಿನ್ನುತ್ತಾಳೆ.

ಗಂಡನ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಶುಗರ್ ಏರಿದರೆ ಮನುಷ್ಯನ ನಾಲಿಗೆ ಕಹಿಯಾಗುತ್ತದೆ. ನನ್ನ ಹೆಂಡತಿಗೂ ಇತ್ತು, ಗೊತ್ತು.

ಲಿಯೊನೆಲ್

*

ಕರಾಮ
26 ಜುಲೈ 2012

ಮಗಳೇ,

ಸ್ಟೀಫನ್ ಎರಡು ಸಲ ಬರಿಗೈಯಲ್ಲಿ ಬಂದ. ಜೆಟ್ ಹಾಕಿದೆಯಾ? ಉರಿ ಯಾವ ಬಣ್ಣ? ಎರಡೇ ಗೆರೆ ಬರೆ. ಇಡೀ ದಿನ ಕಿಟಕಿಯಲ್ಲಿ ನಿಂತು ಮೀನಿನ ವ್ಯಾನ್ ಕಾಯುವುದನ್ನು ನೋಡಿ ಡ್ಯಾನಿಯಲ್ ನನ್ನನ್ನು ಡಾಕ್ಟರಿಗೆ ತೋರಿಸುವ ಯೋಚನೆಯಲ್ಲಿದ್ದಾನೆ.

ಲಿಯೊನೆಲ್

*

ಖಲೀಫಾ ಸಿಟಿ
30 ಜುಲೈ 2012

ಪೊರ್ಬುಗಳೇ,

ತಡವಾಯಿತು, ಕ್ಷಮಿಸಿ. ಪೆನ್ನು ಹಿಡಿದರೆ ಅಕ್ಷರ ತೇಲುತ್ತದೆ. ಬರೆಯಲು ಕೂತು ಎಷ್ಟೋ ಸಲ ಹಾಗೇ ನಿದ್ದೆ ಹೋದೆ. ಜೆಟ್ ಹಾಕಿದೆವು, ಗುಳ್ಳೆ ಏಳಲಿಲ್ಲ. ಒಂದು ದಿನ ನೀಲಿ, ಮತ್ತೆ ಹಳದಿ. ಆದರೂ ತಣ್ಣಗೆ ಇದೆ, ಔಷಧಿ ಉಳಿದಿದೆ. ಅಷ್ಟಾದರೆ ಸಾಕಲ್ಲವೇ?

ನಾನು ಈಗ ಮೊದಲಿನ ಹಾಗೆ ಅಳುತ್ತಿಲ್ಲ. ಯಾಕೆಂದು ಈಗ ಹೇಳಲಾರೆ. ಆಟಿ ಕಳೆದು ಸೋಣ ತಿಂಗಳು ಬರಲಿ, ಹದಿನೇಳನೇ ತಾರೀಖಿಗೆ ನಿಮಗೇ ಮೊದಲು ಬರೆಯುತ್ತೇನೆ. ರಿತೇಶರಿಗೂ ಹೇಳಿಲ್ಲ. ಹಿಂದೆ ಎರಡು ಸಲ ಅವಸರಪಟ್ಟು ಹೇಳಿ, ಪರೀಕ್ಷೆ ಮಾಡಿಸಿ, ಅವರ ಮುಖ ಬಾಡಿದ್ದನ್ನು ನೋಡಿದ್ದೇನೆ. ಈ ಸಲ ಬಾಯಿ ಬಿಡುವುದಿಲ್ಲ, ಪರೀಕ್ಷೆಯೂ ಬೇಡ. ಇಷ್ಟೇ ಹೇಳುತ್ತೇನೆ, ಡೆಬೊರಾ ಅವರ ಬಗ್ಗೆ ನೀವು ಬರೆದದ್ದನ್ನು ಹತ್ತು ಸಲ ಓದಿದೆ. ಊರಿನ ಮಳೆಗಾಲಕ್ಕೆ ಬೇಕಾಗುತ್ತದೆಂದು ಹಳದಿ ನೂಲಿನಲ್ಲಿ ಏನೋ ಒಂದು ಹೆಣೆದು ಮುಗಿಸಿ, ನಿಮ್ಮ ಆ ಬಿಳಿ ಪೆಟ್ಟಿಗೆಗೆ ತೂಗುಹಾಕಿದ್ದೇನೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಅದೇ ಕಾಣುತ್ತದೆ.

ಒಂದು ತಮಾಷೆ ಕೇಳಿ. ತಲೆನೋವು, ವಾಕರಿಕೆ ನನಗೆ ಸರಿ, ಬೆಳಿಗ್ಗೆ ರಿತೇಶರಿಗೂ ಶುರುವಾಗಿದೆ! “ನಿಂದೇ ಅಂಟಿದ್ದು” ಎಂದು ನನಗೇ ಬೈಯುತ್ತಾರೆ. ಕಾರು ಹತ್ತಿ ಹೊರಟರೆ ಅರ್ಧ ಗಂಟೆಯಲ್ಲಿ ಅವರದು ಮಾಯ. ಶುಕ್ರವಾರ ಅಲ್ ಮೀನಾಕ್ಕೆ ಮೀನು ತರಲು ಹೋಗಿದ್ದೆವು. ಆ ಬಿಸಿಲಲ್ಲಿ, ಆ ನಾತದಲ್ಲಿ ನನಗೆ ಒಂದಿಷ್ಟೂ ತಲೆನೋವಿಲ್ಲ. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಪುನಃ. ಈ ಹೊಟ್ಟೆಗೆ ಬಹುಶಃ ಗಾಡಿಯ ಬದುಕು ಸೇರುವುದಿಲ್ಲ.

ನಿಮ್ಮ ಮಗಳು,
ಶರ್ಮಿಳಾ

*

ಸ್ಟೀಫನ್ ವ್ಯಾನಿನಲ್ಲಿ
31 ಜುಲೈ 2012, ಮಂಗಳವಾರ

ಶರ್ಮಿಳಾ,

ವ್ಯಾನ್ ಕುಲುಕುತ್ತಿದೆ, ಅಕ್ಷರ ಸೊಟ್ಟಗಿದೆ. ನಿನ್ನ ಕಾಗದವನ್ನು ರಸ್ತೆಯಲ್ಲೇ ಓದಿದೆ. ಮೀನು ಇಳಿಸುವುದನ್ನು ಅರ್ಧಕ್ಕೇ ಬಿಡಿಸಿ ಸ್ಟೀಫನ್ ವ್ಯಾನನ್ನು ನಿನ್ನ ಕಡೆ ತಿರುಗಿಸಿದ್ದೇನೆ. ಅವನು ನಿನ್ನ ನಂಬರಿಗೆ ಐದು ಸಲ ಹಚ್ಚಿದ, ರಿಂಗ್ ಆಗುತ್ತದಂತೆ, ನೀನು ಎತ್ತುತ್ತಿಲ್ಲ. ರಿತೇಶನ ನಂಬರ್ ನಮ್ಮಲ್ಲಿಲ್ಲ. ‘ಗ್ಯಾಸ್ ಬಂದ್ ಮಾಡು, ಹೊರಗೆ ಬಾ’ ಎಂದು ಮೆಸೇಜ್ ಕಳಿಸಿದ್ದೇವೆ. ಸ್ಟೀಫನ್ ಗಾಡಿ ಓಡಿಸುತ್ತಲೇ ಪೊಲೀಸರಿಗೆ ಹೇಳೋಣವೇ ಎಂದು ಸನ್ನೆ ಮಾಡಿದ. ಹೂಂ ಎಂದೆ. ನಿಮ್ಮ ಗುಟ್ಟು ಬಯಲಾದರೆ ಆಗಲಿ. ಆದರೆ ನಿಮ್ಮ ಅರ್ಬಾಬರ ವಿಲ್ಲಾದ ನಂಬರ್ ಅವನಿಗೂ ಗೊತ್ತಿಲ್ಲ. ಅವನು ಕಾಗದ ಕೊಡುತ್ತಿದ್ದುದು ಮೂಲೆಯ ಅಂಗಡಿಯಲ್ಲಿ.

ಮಗಳೇ, ಅದು ಬಸಿರಲ್ಲ. ಗಂಡಸಿಗೂ ಬರುವ, ಬಾಗಿಲಾಚೆ ಹೋದರೆ ವಾಸಿಯಾಗುವ ವಾಕರಿಕೆ ಬಸಿರಿನದಲ್ಲ. ಹಳದಿ ಉರಿಯ ಹೊಗೆ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷ, ಒಳಗೆ ಬರುತ್ತಿದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆ ಬರಿಸುತ್ತದೆ, ಆಮೇಲೆ ಏಳಿಸುವುದಿಲ್ಲ. ನೀನು ಮೊದಲ ಸಲ ತಲೆನೋವು ಎಂದು ಬರೆದಾಗಲೇ ನನಗೆ ಹೊಳೆಯಬೇಕಿತ್ತು. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ನೀರು ಕುಡಿ ಎಂದು ಬರೆದೆ.

ಇನ್ನೊಂದು ಹೇಳಬೇಕು. ಎದುರು ಹೇಳಲು ನನ್ನಲ್ಲಿ ಧೈರ್ಯ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆ ಬಿಳಿ ಪೆಟ್ಟಿಗೆ ಇದೇ ಹೊಗೆಯನ್ನು ಹಿಡಿಯುವ ಅಲಾರಂ. 2003ರಲ್ಲಿ ಅದು ಕೆಟ್ಟು, ಹೊಗೆ ಇಲ್ಲದೆಯೂ ದಿನಾ ಕಿರುಚುತ್ತಿತ್ತು. ಸಾಯೇಬರು ನಿದ್ದೆ ಇಲ್ಲ ಎಂದು ನನ್ನ ಮೇಲೆ ರೇಗಿದರು. ಹೊಸದನ್ನು ತರಿಸಲು ತಿಂಗಳು ಹಿಡಿಯುತ್ತಿತ್ತು. ನಾನು ವಯರು ಕತ್ತರಿಸಿ, ಪೆಟ್ಟಿಗೆಯನ್ನು ಹಾಗೇ ಗೋಡೆಗೆ ಬಿಟ್ಟೆ. ಯಾರಿಗೂ ಹೇಳಲಿಲ್ಲ. ನೀನು ಕೇಳಿದಾಗ ಮೊದಲು ನೆನಪಾದದ್ದೇ ಅದು. ಹೇಳಿದರೆ ನನ್ನ ಕೆಲಸದ ಮೇಲಿನ ನಂಬಿಕೆ ಹೋಗುತ್ತದೆಂದು ಹೇಳಲಿಲ್ಲ. ಇಷ್ಟು ವರ್ಷದ ಮೇಲೆ ಒಬ್ಬರು ನನ್ನನ್ನು ಕೇಳಿದ್ದರು. ಆ ಮರ್ಯಾದೆ ಬಿಡಲಾಗಲಿಲ್ಲ.

ಎದ್ದಿರು. ದೇವರ ದಯೆಯಿಂದ ಎದ್ದಿರು. ಇನ್ನು ನಲವತ್ತು ನಿಮಿಷ.

*

ಅಬುಧಾಬಿ, ಆಸ್ಪತ್ರೆಯ ಹೊರಗಿನ ಬೆಂಚು
5 ಆಗಸ್ಟ್ 2012

ಮಗಳೇ,

ವಾರ್ಡಿನೊಳಗೆ ಬಿಟ್ಟರು. ನೀನು ಮಾತಾಡಿದೆ, ನನಗೆ ಕೇಳಲಿಲ್ಲ. ನೀನು ಗೋಡೆಯ ಕಡೆ ತಿರುಗಿದ್ದು ಮಾತ್ರ ಕಂಡಿತು. ಆದ್ದರಿಂದ ಹೊರಗೆ ಬಂದು ಬರೆಯುತ್ತಿದ್ದೇನೆ. ಅಂದು ಏನಾಯಿತೆಂದು ನಿನಗೆ ಗೊತ್ತಿರಬೇಕು.

ಅಂಗಡಿಯವನು ದಾರಿ ತೋರಿಸಿದ. ನಾನು ಬಾಗಿಲು ಬಡಿದೆ. ಬಡಿಯುವುದು ಸುಲಭ, ಒಳಗಿನಿಂದ ಉತ್ತರ ಬಂತೋ ಇಲ್ಲವೋ ಎಂದು ನನಗೆ ಹೇಗೆ ತಿಳಿಯಬೇಕು? ಸ್ಟೀಫನ್ ಮುಖ ನೋಡಿದೆ. ಅವನು ತಲೆ ಅಲ್ಲಾಡಿಸಿದ. ಅವನು ಬಾಗಿಲು ಮುರಿಯುವಾಗ ನಾನು ಗ್ಯಾಸ್ ಬಂದ್ ಮಾಡಲು ಹಿಂದೆ ಓಡಿದೆ. ಅಲ್ಲಿ ನೋಡಿದೆ. ಕೆಳಗಿನ ಜಾಲರಿಗೆ ಅಲ್ಯೂಮಿನಿಯಂ ಫಾಯಿಲ್, ಅದರ ಮೇಲೆ ಪ್ಯಾಕಿಂಗ್ ಟೇಪ್. ಚಾವಣಿಯದಕ್ಕೂ ಅದೇ. ಕಿಟಕಿಗಳಿಗೂ ಅದೇ. ಬಿಸಿಲು, ಮರಳು, ಜನರ ಕಣ್ಣು ಯಾವುದೂ ಒಳಗೆ ಹೋಗಬಾರದು ಎಂದು. ಹೊಗೆ ಎಲ್ಲಿಗೆ ಹೋಗಬೇಕಿತ್ತು? ‘ತೆರೆದೇ ಇವೆ’ ಎಂದು ಬರೆದಿದ್ದೆಯಲ್ಲ! ಬೈಯಬೇಕೆಂದು ಬಾಯಿ ತೆರೆದೆ. ಆಮೇಲೆ ಕತ್ತರಿಸಿದ ವಯರು ನೆನಪಾಯಿತು.

ನೀನು ಫ್ರಿಜ್ಜಿನ ಮುಂದೆ ನೆಲದಲ್ಲಿದ್ದೆ. ಕೆನ್ನೆ ಕೆಂಪಗಿತ್ತು. ಆರೋಗ್ಯವಂತರ ಹಾಗೆ ಕಾಣುವುದೇ ಈ ಹೊಗೆಯ ಮೋಸ.

ಆಂಬ್ಯುಲೆನ್ಸಿನಲ್ಲಿ ಆಕ್ಸಿಜನ್ ಮುಖವಾಡದೊಳಗೆ ನೀನು ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದೆ. ತುಟಿ ಕಾಣುತ್ತಿತ್ತು, ನನಗೆ ಅರ್ಥವಾಗಲಿಲ್ಲ. ಆಸ್ಪತ್ರೆಯಲ್ಲಿಯೂ ನೀನು ಬಿಡಲಿಲ್ಲ. ಅಲ್ಲಿನ ನರ್ಸ್ ಜೆಸ್ಸಿಯ ಕೈಗೆ ನನ್ನ ಪೆನ್ನು ಕೊಟ್ಟೆ. ಆಕೆ ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಳು: ‘ಮಗು ಹೇಗಿದೆ ಎಂದು ಕೇಳುತ್ತಿದ್ದಾರೆ. ರಕ್ತ ಪರೀಕ್ಷೆ ಮಾಡಿದ್ದೇವೆ. ಮಗು ಇಲ್ಲ. ಇರಲೂ ಇಲ್ಲ.’

ಆ ಚೀಟಿ ನನ್ನ ಜೇಬಿನಲ್ಲಿದೆ. ಅಷ್ಟರಲ್ಲಿ ರಿತೇಶ್ ಓಡಿ ಬಂದ, ಅವನಿಗೆ ತೋರಿಸಲಿಲ್ಲ. ಅವನು ನನ್ನ ಕಾಲು ಹಿಡಿದುಕೊಂಡ, ನೀವು ಇಲ್ಲದಿದ್ದರೆ ಎಂದಿರಬೇಕು. ನಾನು ಕಾಲು ಎಳೆದುಕೊಂಡೆ. ವ್ಯಾನಿನಲ್ಲಿ ಬರೆದ ಕಾಗದವನ್ನು ನಿನ್ನ ದಿಂಬಿನ ಕೆಳಗೆ ಇಟ್ಟಿದ್ದೇನೆ. ಓದಿದ ಮೇಲೆ ನೀನು ಯಾರಿಗೆ ಹೇಳಿದರೂ ನಾನು ಇಲ್ಲ ಎನ್ನುವುದಿಲ್ಲ.

ಲಿಯೊನೆಲ್

*

ಅಬುಧಾಬಿ
17 ಆಗಸ್ಟ್ 2012, ಶುಕ್ರವಾರ

ಪೊರ್ಬುಗಳೇ,

ಇಂದು ಸೋಣದ ಮೊದಲ ದಿನ. ಈ ದಿನ ನಿಮಗೊಂದು ಸುದ್ದಿ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಆ ಸುದ್ದಿ ಇಲ್ಲ. ಬೇರೆಯದು ಇದೆ, ಬರೆಯುತ್ತೇನೆ.

ರಜೆಗೆ ಹೋಗಿದ್ದ ಅರ್ಬಾಬರು ತಿರುಗಿ ಬಂದರು. ಗದರಿಸಲಿಲ್ಲ. ಫ್ರಿಜ್ಜಿನಲ್ಲಿ ಸಿಕ್ಕಿದ ಇನ್ಸುಲಿನ್ ಪೆನ್ನುಗಳನ್ನು ಮೇಜಿನ ಮೇಲಿಟ್ಟು, “ನನ್ನ ಮಕ್ಕಳು ನಿನ್ನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು ರಿತೇಶ್” ಎಂದರಂತೆ. ಆಮೇಲೆ, ಖಲಾಸ್, ಕೆಲಸ ಮುಗಿಯಿತು. ಈದ್ ಕಳೆದ ಮೇಲೆ ಇಬ್ಬರಿಗೂ ಟಿಕೆಟ್ಟು. ನಾನು ಒಬ್ಬಳೇ ಹೋಗಬೇಕಾಗಿಲ್ಲ, ಅಷ್ಟು ಮಾತ್ರ ನಾನು ಬೇಡಿಕೊಂಡ ಹಾಗೆ ಆಯಿತು. ರಿತೇಶ್ ಉಡುಪಿಯಲ್ಲಿ ಆಟೋ ಓಡಿಸುತ್ತಾರಂತೆ. ನನ್ನ ಮೇಲೆ ಈಗ ರೇಗುವುದಿಲ್ಲ. ನನಗೆ ಒಮ್ಮೊಮ್ಮೆ ಪದಗಳು ಸಿಗುವುದಿಲ್ಲ, ಚಮಚಕ್ಕೆ ಏನನ್ನುತ್ತಾರೆಂದು ಮರೆಯುತ್ತದೆ. ಸರಿಹೋಗುತ್ತದೆ ಎಂದಿದ್ದಾರೆ.

ನಿಮ್ಮ ವ್ಯಾನಿನ ಕಾಗದ ಓದಿದೆ. ಓದಿ ಎರಡು ದಿನ ನಿಮ್ಮನ್ನು ಶಪಿಸಿದೆ. ಗುಟ್ಟಾಗಿ ಅಲ್ಲ, ಬಾಯಿಬಿಟ್ಟು ಶಪಿಸಿದೆ. ಒಂದು ವಯರು! ಮೂರನೆಯ ದಿನ ಫಾಯಿಲಿನ ವಿಷಯ ಎದುರು ಬಂದು ನಿಂತಿತು. ರಿತೇಶ್ ಅದನ್ನು ಹಚ್ಚುವಾಗ ಟೇಪು ಕತ್ತರಿಸಿ ಕೊಟ್ಟವಳು ನಾನೇ. ನಿಮ್ಮ ಹೆಸರನ್ನು ಓದಿದ್ದೂ ಅದೇ ಹೊತ್ತಿನಲ್ಲಿ. ಓದಿ, ಅದರ ಮೇಲೆಯೇ ಮುಚ್ಚಿದೆವು. ತೆರೆದಿಡು ಎಂದು ನೀವು ಬರೆದಾಗ, ತೆರೆದರೆ ಯಾರಾದರೂ ಕಂಡು ನಮ್ಮನ್ನು ಓಡಿಸಿಯಾರು, ನಾನು ಊರಿಗೆ ಹೋದರೆ ಮಗು ಹೇಗೆ ಎಂದು ಸುಳ್ಳು ಬರೆದೆ. ಬರ್ನರ್ ತೊಳೆದ ಮೇಲೂ ಜೆಟ್ ಹಾಕಿದ ಮೇಲೂ ಮತ್ತೆ ಟೇಪು ಹಚ್ಚಿದವಳು ನಾನು. ಕಿಟಕಿಯನ್ನೂ ತೆರೆಯಲಿಲ್ಲ.

ನಿಮ್ಮ ವಯರಿನ ವಿಷಯ ರಿತೇಶರಿಗೆ ಹೇಳಿಲ್ಲ. ನಿಮ್ಮ ಹೆಸರೆತ್ತಿದರೆ ಅವರು ಕೈ ಮುಗಿಯುತ್ತಾರೆ, ಮುಗಿಯಲಿ. ನನ್ನ ವಿಷಯವನ್ನು ನೀವೂ ಹೇಳಬೇಡಿ. ಅವರು ಕಳೆದುಕೊಂಡದ್ದು ಈಗಾಗಲೇ ಸಾಕಷ್ಟಿದೆ. ಇರದೇ ಇದ್ದುದನ್ನೂ ಕಳೆದುಕೊಂಡೆವು ಎಂದು ಹೇಗೆ ಹೇಳಲಿ? ಪೊರ್ಬುಗಳೇ, ನನಗೆ ಅದು ಇತ್ತು. ಹದಿನೈದು ದಿನ ಇತ್ತು. ಆ ಸುಡುವ ಡಬ್ಬಿಯಲ್ಲಿ ಅದರ ಜೊತೆ ಮಾತಾಡಿದ್ದೇನೆ. ಅದಕ್ಕಾಗಿ ಅಳಲು ಒಂದು ಹೆಸರೂ ಇಲ್ಲ, ಒಂದು ದಿನವೂ ಇಲ್ಲ. ಇದು ಗೊತ್ತಿರುವುದು ನಿಮಗೊಬ್ಬರಿಗೇ, ಅದಕ್ಕೇ ನಿಮ್ಮ ಮೇಲೆ ಪೂರ್ತಿ ಸಿಟ್ಟಾಗಲೂ ಆಗುತ್ತಿಲ್ಲ.

ಸಾಮಾನು ತೆಗೆಯಲು ನಿನ್ನೆ ಗಾಡಿಗೆ ಹೋಗಿದ್ದೆವು. ಬಿಳಿ ಪೆಟ್ಟಿಗೆಯನ್ನು ಗೋಡೆಯಿಂದ ಕಿತ್ತು ಸ್ಟೀಫನ್ ಕೈಯಲ್ಲಿ ಕಳಿಸಿದ್ದೇನೆ. ಇನ್ನು ಯಾರೂ ಅದನ್ನು ನಂಬಿ ಅದರ ಕೆಳಗೆ ಮಲಗುವುದು ಬೇಡ. ಜೊತೆಗೆ ಹಳದಿ ಟೋಪಿಯೂ ಇದೆ. ಡೆಬೊರಾ ಅವರಿಗೆ ಈ ತಿಂಗಳು ಎಂಟು ತುಂಬಿರಬೇಕು. ಇಂಥದ್ದನ್ನು ಹುಟ್ಟುವ ಮಗುವಿಗೆ ಹಾಕಬಹುದೋ ಬಾರದೋ ನನಗೆ ತಿಳಿಯದು. ಮನಸ್ಸು ಒಪ್ಪಿದರೆ ಕೊಡಿ, ಹೆಣೆದದ್ದು ಯಾರೆಂದು ಹೇಳಬೇಡಿ. ಒಪ್ಪದಿದ್ದರೆ ಬಿಚ್ಚಿ ಉಂಡೆ ಮಾಡಿಡಿ, ನೂಲು ಚೆನ್ನಾಗಿಯೇ ಇದೆ. ಅಂಚಿನಲ್ಲಿ ಒಂದು ಗಂಟು ಸಡಿಲ ಇದೆ, ಅಲ್ಲಿಂದ ಎಳೆದರೆ ಬರುತ್ತದೆ.

ಶರ್ಮಿಳಾ